35,000 ಅಡಿ ಎತ್ತರದಲ್ಲಿ ಯಾವ ಸಿನಿಮಾ?

ಒಂದು ಲೆಕ್ಕ ಹೇಳುತ್ತೇನೆ. ಬಿಡಿಸಿ ನೋಡೋಣ!

ಬೆಂಗಳೂರಿನಲ್ಲಿ ಮಧ್ಯಾಹ್ನ 2 ಗಂಟೆಗೆ ವಿಮಾನ ಮೇಲೇಳುತ್ತದೆ. ನೀವು ಒಂದು ಸಿನಿಮಾ ಹಾಕುತ್ತೀರಿ. ಮುಗಿಯುತ್ತದೆ. ಇನ್ನೊಂದು ಹಾಕುತ್ತೀರಿ. ಊಟ ಬರುತ್ತದೆ. ಮತ್ತೊಂದು. ಒಂದು ನಿದ್ದೆ. ಎದ್ದು ಮತ್ತೆರಡು. ಹದಿನಾರೂವರೆ ತಾಸು ಹಾರಿದ ಮೇಲೆ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತದೆ. ಅಲ್ಲಿ ಗಂಟೆ ಎಷ್ಟು? ವಾರ ಯಾವುದು?

ಅದೇ ವಾರ! ಅದೇ ದಿನ! ಚಳಿಗಾಲವಾದರೆ ಸಂಜೆ 5ರ ಆಸುಪಾಸು!

ಗಡಿಯಾರದ ಮೂರು ತಾಸಿನಲ್ಲಿ ಐದು ಸಿನಿಮಾ ನೋಡಿ ಮುಗಿಸಿದ್ದೀರಿ! ಪೂರ್ವಕ್ಕೆ ಹಾರುತ್ತ ಹಾರುತ್ತ ಪೆಸಿಫಿಕ್ ಸಾಗರದ ಮೇಲೆ ದಿನಾಂಕ ರೇಖೆ ದಾಟಿದಿರಿ. ಕಳೆದ ದಿನ ಅಲ್ಲಿ ನಿಮ್ಮ ಕೈಗೆ ವಾಪಸು ಬಂತು. ಹುಬ್ಬಳ್ಳಿಯಲ್ಲಿ ಮ್ಯಾಟಿನಿ ಷೋಗೆ ಹೋಗಿ ಬರುವಷ್ಟು ಹೊತ್ತಿನಲ್ಲಿ ಭೂಮಿಯ ಆಚೆ ಬದಿ!

ಈಗ ಹಿಂದಿರುಗುವ ದಾರಿ ಕೇಳಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂತು. ಏರ್ ಇಂಡಿಯಾದ ಬೋಯಿಂಗ್ 777. ನಡೆಸಿದವರು ನಾಲ್ವರು ಪೈಲಟ್‌ಗಳು, ನಾಲ್ವರೂ ಹೆಣ್ಣುಮಕ್ಕಳು! ಹೊರಟದ್ದು 9ರಂದು, ಇಳಿದದ್ದು 11ರಂದು. ದಾರಿ ಎಲ್ಲಿಂದ? ಉತ್ತರ ಧ್ರುವದ ಮೇಲಿಂದ! ದೂರ ಸುಮಾರು 14,000 ಕಿಲೋಮೀಟರ್. ಹೊತ್ತು ಸುಮಾರು 17 ತಾಸು.

17 ತಾಸು ಅಂದರೆ 1,020 ನಿಮಿಷ. ಕೆಜಿಎಫ್‌ನ ಎರಡೂ ಭಾಗ ಬೆನ್ನಿಗೆ ಬೆನ್ನಿಗೆ ನೋಡಿ. ಐದು ತಾಸು ಚಿಲ್ಲರೆ. ಇನ್ನೂ ಹನ್ನೊಂದೂವರೆ ತಾಸು ಬಾಕಿ! ಕಾಂತಾರ ನೋಡಿ. ಒಂಬತ್ತು ತಾಸು ಬಾಕಿ! ಕೆಳಗೆ ಬರೀ ಹಿಮ, ಮೇಲೆ ಬರೀ ಆಕಾಶ, ನಿಮ್ಮೆದುರು ಒಂದು ಪುಟ್ಟ ಪರದೆ.

ಹಾಗಾದರೆ ಯಾವ ಸಿನಿಮಾ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಅವ್ವನಿಂದ. ನಮ್ಮದು ಕಲಘಟಗಿ. ಹುಬ್ಬಳ್ಳಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಸಿಗುವ, ಬಣ್ಣದ ತೊಟ್ಟಿಲಿನ ಊರು. ಅಮೆರಿಕದಲ್ಲಿರುವ ತಂಗಿಯ ಬಾಣಂತನಕ್ಕೆ ಅವ್ವನನ್ನು ಕರೆದುಕೊಂಡು ಹೊರಟಿದ್ದೆ. ನಮ್ಮದು ನೇರ ವಿಮಾನವಲ್ಲ, ನಡುವೆ ಒಂದು ಕಡೆ ಇಳಿದು ಹತ್ತುವುದು. ಆದರೂ ಎರಡನೆಯ ಹಾರಾಟವೊಂದೇ ಹದಿನೈದು ತಾಸು ಮೀರಿತ್ತು.

ಅವ್ವನ ಕಾಲದಲ್ಲಿ ಸಿನಿಮಾ ಆರಿಸುವುದು ಅಂತ ಇರಲೇ ಇಲ್ಲ. ಟೂರಿಂಗ್ ಟಾಕೀಜಿನವರು ಯಾವ ರೀಲು ತಂದರೋ ಅದೇ ಸಿನಿಮಾ. ಚಾಪೆ ಹಾಸಿ ಕೂತರೆ ಆಯಿತು. ಈಗ ಎದುರಿನ ಪರದೆಯಲ್ಲಿ ಎಷ್ಟು ಇರಬಹುದು, ಊಹಿಸಿ. ಐವತ್ತು? ನೂರು? ದುಬೈನ ಎಮಿರೇಟ್ಸ್ ತನ್ನ ವಿಮಾನಗಳಲ್ಲಿ ಸಿನಿಮಾ, ಹಾಡು, ಕಾರ್ಯಕ್ರಮ ಎಲ್ಲ ಸೇರಿ ಇಟ್ಟಿರುವ ಚಾನಲ್ಲುಗಳು 6,500ಕ್ಕೂ ಹೆಚ್ಚು!

ಅವ್ವ ಬೆರಳಿನಿಂದ ಪಟ್ಟಿ ಸರಿಸಿದರು. ಸರಿಸಿದರು. ಸರಿಸುತ್ತಲೇ ಇದ್ದರು. “ತಮ್ಮಾ, ಇಷ್ಟೊಂದ ಅದಾವಲ್ಲೋ! ಇದ್ರಾಗ ಯಾವ್ದ ನೋಡ್ಲಿ?”

ನನಗೂ ಗೊತ್ತಿರಲಿಲ್ಲ. ಅಂದು ಶುರುವಾದ ಹುಡುಕಾಟ ಎಲ್ಲೆಲ್ಲಿಗೋ ಕರೆದೊಯ್ದಿತು. ಬನ್ನಿ, ಸೀಟ್ ಬೆಲ್ಟ್ ಬಿಗಿಯಿರಿ!

ವಿಮಾನದಲ್ಲಿ ಮೊದಲ ಸಿನಿಮಾ ತೋರಿಸಿದ್ದು ಯಾವಾಗ? 1970ರಲ್ಲಿ? 1960ರಲ್ಲಿ? ಇನ್ನೂ ಹಿಂದೆ ಹೋಗಿ. ಇನ್ನೂ ಹಿಂದೆ!

1921!

ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದದ್ದು 1934ರಲ್ಲಿ. ಅದಕ್ಕೂ 13 ವರ್ಷ ಮೊದಲೇ ಆಕಾಶದಲ್ಲಿ ಸಿನಿಮಾ ಓಡಿತ್ತು! ಅಮೆರಿಕದ ಶಿಕಾಗೋ ನಗರದಲ್ಲಿ ಒಂದು ದೊಡ್ಡ ಪ್ರದರ್ಶನ ನಡೆದಿತ್ತು. ನೀರಿನ ಮೇಲಿಂದ ಏಳುವ ಪುಟ್ಟ ವಿಮಾನದೊಳಗೆ ಪ್ರೊಜೆಕ್ಟರ್ ಇಟ್ಟು, ಪರದೆ ಕಟ್ಟಿ, ಮಂದಿಯನ್ನು ಕೂರಿಸಿಕೊಂಡು ಊರ ಮೇಲೆ ಸುತ್ತು ಹಾಕಿದರು. ತೋರಿಸಿದ ಸಿನಿಮಾ ಯಾವುದರ ಬಗ್ಗೆ ಗೊತ್ತೇ?

ಶಿಕಾಗೋ ಬಗ್ಗೆಯೇ! ಹೆಸರು ‘ಹೌಡಿ ಶಿಕಾಗೋ’. ಪರದೆಯ ಮೇಲೆ ಶಿಕಾಗೋ, ಕಿಟಕಿಯ ಕೆಳಗೆ ನಿಜದ ಶಿಕಾಗೋ! ಯಾವುದನ್ನು ನೋಡಬೇಕು? ಸಿನಿಮಾ ಆರಿಸುವ ಪೇಚಾಟ ಮೊದಲ ದಿನವೇ ಹುಟ್ಟಿತ್ತು ನೋಡಿ!

1925ರಲ್ಲಿ ಲಂಡನ್ನಿನ ಇಂಪೀರಿಯಲ್ ಏರ್‌ವೇಸ್ ಆಕಾಶದಲ್ಲಿ ಡೈನೋಸಾರ್‌ಗಳನ್ನು ಓಡಿಸಿತು. ಸಿನಿಮಾ ‘ದಿ ಲಾಸ್ಟ್ ವರ್ಲ್ಡ್’. ಆ ಕಾಲದ ಫಿಲ್ಮು ಕಿಡಿ ತಾಗಿದರೆ ಭಗ್ಗೆಂದು ಉರಿಯುವಂಥದ್ದು. ವಿಮಾನವೋ, ಮರ ಮತ್ತು ಬಟ್ಟೆಯದ್ದು! ಅಂಥದರಲ್ಲಿ ಕೂತು ಸಿನಿಮಾ ನೋಡಿದವರ ಧೈರ್ಯಕ್ಕೆ ಕೈ ಮುಗಿಯಬೇಕು.

ದಿನನಿತ್ಯದ ಹಾರಾಟದಲ್ಲಿ ಸಿನಿಮಾ ತೋರಿಸುವ ರೂಢಿ ಬಂದದ್ದು 1961ರ ಜುಲೈನಲ್ಲಿ, ಟಿಡಬ್ಲ್ಯುಎ ಕಂಪನಿಯ ವಿಮಾನದಲ್ಲಿ. ಇದರ ಬೆನ್ನು ಬಿದ್ದವರು ಟಾಕೀಜುಗಳ ಮಾಲೀಕ ಡೇವಿಡ್ ಫ್ಲೆಕ್ಸರ್. ಇಡೀ ಸಿನಿಮಾವನ್ನು 25 ಇಂಚು ಅಗಲದ ಒಂದೇ ರೀಲಿಗೆ ಸುತ್ತಿ ಅಡ್ಡಡ್ಡ ಮಲಗಿಸಿಬಿಟ್ಟರು! ನೋಡುವ ಭಾಗ್ಯ ಮಾತ್ರ ಫಸ್ಟ್ ಕ್ಲಾಸಿನವರಿಗಷ್ಟೇ.

ಮಾತು ಕೇಳುವುದು ಹೇಗೆ? ಕೊಳವೆಯಲ್ಲಿ! 1963ರಲ್ಲಿ ಬಂದ ಹೆಡ್‌ಫೋನಿನಲ್ಲಿ ತಂತಿ ಇರಲಿಲ್ಲ, ಟೊಳ್ಳು ನಳಿಕೆ ಇತ್ತು. ಡಾಕ್ಟರರ ಸ್ಟೆತೋಸ್ಕೋಪ್ ಇದೆಯಲ್ಲ, ಹಾಗೆ. ಸೀಟಿನ ಕೈಯಲ್ಲಿ ಹುಟ್ಟಿದ ಸದ್ದು ಗಾಳಿಯಲ್ಲೇ ಹರಿದು ಕಿವಿಗೆ ಬರುತ್ತಿತ್ತು!

ಎದುರು ಸೀಟಿನ ಬೆನ್ನಿಗೆ ಪರದೆ ಬಂದದ್ದು 1988ರಲ್ಲಿ. ಮೂಲೆಯಿಂದ ಮೂಲೆಗೆ ಅಳತೆ ಎಷ್ಟು? 2.7 ಇಂಚು! ಅಂಗೈಯಲ್ಲಿ ಅಡಗುವ ಟಾಕೀಜು!

ಕೂತಲ್ಲೇ ಕೂತವರ ಕಣ್ಣೆದುರು ಚಿತ್ರ ಇಡಬೇಕು ಎಂಬ ಈ ಯೋಚನೆ ನಮ್ಮೂರಿಗೆ ಹೊಸದೇ ಅಲ್ಲ. ಕಲಘಟಗಿ ತೊಟ್ಟಿಲು ನೋಡಿದ್ದೀರಾ? ಸಾಗವಾನಿ ಕಟ್ಟಿಗೆ. ಮೇಲೆ ಥಳಥಳಿಸುವ ಕೆಂಪು, ಹಳದಿ, ಹಸಿರು. ಬದಿಗಳ ಮೇಲೆ ರಾಮಾಯಣ, ಮಹಾಭಾರತ, ಬಾಲಕೃಷ್ಣನ ಆಟ. ಕೂಸು ಮಲಗಿದಲ್ಲೇ ಮಲಗಿ ಎಡಕ್ಕೆ ಹೊರಳಿದರೆ ಒಂದು ಕಥೆ, ಬಲಕ್ಕೆ ಹೊರಳಿದರೆ ಇನ್ನೊಂದು! ಈ ತೊಟ್ಟಿಲಿಗೂ ಸಿನಿಮಾಕ್ಕೂ ನಂಟಿದೆ. ಯಶ್–ರಾಧಿಕಾ ಪಂಡಿತ್ ದಂಪತಿಯ ಚೊಚ್ಚಲ ಕೂಸಿಗೆಂದು ಅಂಬರೀಷ್ ತಾವು ಬದುಕಿದ್ದಾಗಲೇ ಹೇಳಿ ಮಾಡಿಸಿದ್ದು ಕಲಘಟಗಿ ತೊಟ್ಟಿಲನ್ನೇ. 2018ರ ನವೆಂಬರಿನಲ್ಲಿ ಅಂಬರೀಷ್ ಹೋದರು. ಡಿಸೆಂಬರಿನಲ್ಲಿ ಮಗು ಹುಟ್ಟಿತು. ಕೊಟ್ಟವರು ಇಲ್ಲದ ಮೇಲೆ ಕೊಡುಗೆ ಮನೆ ಸೇರಿತು. ಅದನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ.

ಗಂಟಲು ಕಟ್ಟುವ ಮಾತು ಬಂತಲ್ಲ, ವಿಮಾನದಲ್ಲಿ ಕೂತಾಗ ಜನ ಹೆಚ್ಚು ಅಳುತ್ತಾರೆಯೇ?

2011ರಲ್ಲಿ ವರ್ಜಿನ್ ಅಟ್ಲಾಂಟಿಕ್ ತನ್ನ ಪ್ರಯಾಣಿಕರನ್ನು ಕೇಳಿತು. ಕಣ್ಣೀರು ಕಾಣಬಾರದೆಂದು ಕಂಬಳಿಯೊಳಗೆ ಮುಖ ಮುಚ್ಚಿಕೊಂಡಿದ್ದೇವೆ ಎಂದು ಒಪ್ಪಿಕೊಂಡ ಗಂಡಸರು ನೂರಕ್ಕೆ ಎಷ್ಟು? ಐದು? ಹತ್ತು?

41!

ಆಮೇಲೆ ಸಂಶೋಧಕರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ವಿಚಾರಿಸಿದರು. ಉತ್ತರ ಬೇರೆಯೇ ಬಂತು! ಅಳಿಸುವುದು ಎತ್ತರ ಅಲ್ಲ, ಸಿನಿಮಾ! ಸಂಸಾರದ ಕಥೆ, ಎದೆ ಹಿಂಡುವ ಕಥೆ ಆರಿಸಿಕೊಂಡರೆ ನೆಲದ ಮೇಲೂ ಅಳು, ಆಕಾಶದಲ್ಲೂ ಅಳು.

ಇದಕ್ಕೆ ಸಾಕ್ಷಿ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದವರೇ. 2022ರ ಜೂನ್. ಆಗ ಮುಖ್ಯಮಂತ್ರಿ ಆಗಿದ್ದ ಬಸವರಾಜ ಬೊಮ್ಮಾಯಿ ಒಂದು ಸಿನಿಮಾ ನೋಡಿ ಹೊರಬಂದು, ಎಲ್ಲರೆದುರು ಕಣ್ಣೊರೆಸಿಕೊಂಡರು. ತಮ್ಮನ್ನು ಅಗಲಿದ ಮುದ್ದಿನ ನಾಯಿಯ ನೆನಪಾಗಿತ್ತು. ಆ ಸಿನಿಮಾ? ‘777 ಚಾರ್ಲಿ’! ಅಂಕಿ ಗಮನಿಸಿದಿರಾ? ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದ ಬೋಯಿಂಗ್ ಯಾವುದು? 777! ಅದರೊಳಗೆ ಕೂತು ಇದನ್ನು ನೋಡುವವರು ಕರವಸ್ತ್ರವನ್ನು ಮೊದಲೇ ತೊಡೆಯ ಮೇಲೆ ಇಟ್ಟುಕೊಳ್ಳಿ.

ಎತ್ತರ ಅಳಿಸದಿರಬಹುದು, ನಾಲಿಗೆಯನ್ನು ಮಾತ್ರ ಬದಲಿಸುತ್ತದೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗಾಗಿ ಪರೀಕ್ಷೆ ಮಾಡಿದರು. ವಿಮಾನದ ಗಾಳಿಯೊತ್ತಡದಲ್ಲಿ ಉಪ್ಪಿನ ರುಚಿ ನೂರಕ್ಕೆ 20ರಿಂದ 30ರಷ್ಟು ಇಳಿಯುತ್ತದಂತೆ! ಅವ್ವ ಕಟ್ಟಿ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಅಲ್ಲಿ ಅಮೃತ ಆದದ್ದು ಯಾಕೆಂದು ನನಗೆ ಆಮೇಲೆ ತಿಳಿಯಿತು.

ನಿಲ್ಲಿ, ಇನ್ನೊಂದು ಗುಟ್ಟು! ನೀವು ಅಲ್ಲಿ ನೋಡುವ ಸಿನಿಮಾ ಕೆಲವೊಮ್ಮೆ ಪೂರ್ತಿ ಸಿನಿಮಾ ಅಲ್ಲ. ಕತ್ತರಿ ಬಿದ್ದಿರುತ್ತದೆ!

1988ರ ‘ರೇನ್ ಮ್ಯಾನ್’ ಚಿತ್ರದಲ್ಲಿ ಒಂದು ದೃಶ್ಯ ಬರುತ್ತದೆ. ನಾಯಕನ ಅಣ್ಣ ವಿಮಾನ ಹತ್ತಲು ಒಲ್ಲೆ ಎನ್ನುತ್ತಾನೆ. ಯಾವ ಕಂಪನಿಯ ವಿಮಾನ ಯಾವಾಗ ಬಿತ್ತು ಎಂದು ಬಾಯಿಪಾಠ ಒಪ್ಪಿಸುತ್ತಾನೆ. ಹಲವು ಕಂಪನಿಗಳು ಆ ದೃಶ್ಯವನ್ನೇ ತೆಗೆದುಹಾಕಿದವು. ಒಂದು ಕಂಪನಿ ಮಾತ್ರ ಕೈ ಹಚ್ಚಲಿಲ್ಲ. ಯಾವುದು? ಆಸ್ಟ್ರೇಲಿಯಾದ ಕ್ವಾಂಟಾಸ್! ಯಾಕೆ? ಎಂದೂ ಬೀಳದ ವಿಮಾನ ಅಂತ ಆತ ಹೊಗಳುವುದು ಅದೊಂದನ್ನೇ!

‘ಕ್ಯಾಸಿನೋ ರಾಯಲ್’ ಕಥೆ ಇದಕ್ಕೂ ಮಿಗಿಲು. ಅದರಲ್ಲಿ ವರ್ಜಿನ್ ಕಂಪನಿಯ ರಿಚರ್ಡ್ ಬ್ರಾನ್ಸನ್ ಕ್ಷಣ ಹೊತ್ತು ಕಾಣಿಸಿಕೊಳ್ಳುತ್ತಾರೆ. ಎದುರಾಳಿ ಬ್ರಿಟಿಷ್ ಏರ್‌ವೇಸ್ ತನ್ನ ವಿಮಾನಗಳಲ್ಲಿ ಆ ಕ್ಷಣವನ್ನೂ ಕತ್ತರಿಸಿಬಿಟ್ಟಿತು!

ಸರಿ, ಅವ್ವನ ಕಡೆ ಬರೋಣ. ನಿಜವಾದ ಶೋಧ ಅಲ್ಲಿಯೇ ಆದದ್ದು.

ಆ ವಿಮಾನದಲ್ಲಿ ಭಾಷೆಗಳ ಪಟ್ಟಿ ಒತ್ತಿದೆ. ಕನ್ನಡದ ಹೆಸರಿನಲ್ಲಿ ಬೆರಳೆಣಿಕೆಯ ಸಿನಿಮಾಗಳು. ಅವುಗಳಲ್ಲಿ ಒಂದನ್ನು ಹಾಕಿದೆ. ಅವ್ವ ಹತ್ತು ನಿಮಿಷಕ್ಕೇ ಹೆಡ್‌ಫೋನ್ ಕಿತ್ತಿಟ್ಟರು. ಇಂಜಿನ್ನಿನ ಗುಂಯ್ ಸದ್ದಿನಲ್ಲಿ ಮಾತು ಸರಿಯಾಗಿ ಕೇಳದು, ಕಿವಿ ನೋವು. ನಾನು ಕಣ್ಣು ಮುಚ್ಚಿದೆ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಕಿಸಕ್ಕನೆ ನಗು! ಕಣ್ಣು ಬಿಟ್ಟೆ. ಅವ್ವನ ಪರದೆ ಆರಿಹೋಗಿದೆ. ಅವ್ವ ನೋಡುತ್ತಿರುವುದು ಓಣಿಯಾಚೆಯ ಸೀಟಿನ ಹುಡುಗನ ಪರದೆಯನ್ನು! ಸದ್ದಿಲ್ಲ. ಭಾಷೆ ಇಲ್ಲ. ಕಣ್ಣು ಮಾತ್ರ ಆ ಕಡೆ ನೆಟ್ಟಿದೆ.

“ನೋಡಲ್ಲೆ, ಇಲಿ ಅಡಗಿ ಮಾಡಾಕತ್ತೈತಿ!”

ಪಿಕ್ಸಾರ್‌ನ ‘ರಾಟಟೂಯಿ’. 2007ರ ಕಾರ್ಟೂನ್ ಚಿತ್ರ. ಚಿತ್ರದಲ್ಲಿನ ಹುಡುಗನ ಟೋಪಿಯೊಳಗೆ ಕೂತ ಇಲಿ ಅವನ ಕೂದಲು ಜಗ್ಗಿ ಜಗ್ಗಿ ಅಡುಗೆ ಮಾಡಿಸುತ್ತದೆ. ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಕೊನೆಗೆ ಸಿಡುಕು ಮೋರೆಯ ಒಬ್ಬ ಊಟದ ವಿಮರ್ಶಕ ಬಂದು ಕೂತ. ಒಂದು ತುತ್ತು ಬಾಯಿಗಿಟ್ಟ. ಕೈಯಿಂದ ಪೆನ್ನು ಜಾರಿತು. ಚಿತ್ರ ಥಟ್ಟನೆ ಅವನ ಬಾಲ್ಯದ ಮನೆಗೆ ಹೊಕ್ಕಿತು.

ಅವ್ವ ನಗು ನಿಲ್ಲಿಸಿದರು. ಮೆಲ್ಲಗೆ ಹೇಳಿದರು: “ಅವ್ವನ ಕೈ ಊಟ ನೆನಪಾತು ಅಂವಗ.”

ಒಂದು ಮಾತೂ ಕೇಳದೆ! ಒಂದಕ್ಷರ ಓದದೆ! ಆ ಸಿನಿಮಾದ ಹೃದಯವನ್ನು ಅವ್ವ ಓಣಿಯಾಚೆಯಿಂದ ಎತ್ತಿಕೊಂಡಿದ್ದರು! ನನ್ನ ಮೈ ಝುಮ್ಮೆಂದಿತು. ಅಬ್ಬಾ, ಇದಲ್ಲವೇ ಅಳತೆಗೋಲು! ಕಿವಿ ಸೋತಾಗಲೂ ಕಣ್ಣಿಗೆ ಪೂರ್ತಿ ದಕ್ಕುವ ಸಿನಿಮಾವೇ ವಿಮಾನದ ಸಿನಿಮಾ!

ಹಾಗಾದರೆ ಮಾತೇ ಇಲ್ಲದ, ಹೊಟ್ಟೆ ತುಂಬ ನಗಿಸುವ, ನಮ್ಮದೇ ನೆಲದಲ್ಲಿ ಹುಟ್ಟಿದ ಸಿನಿಮಾ ಒಂದಿದ್ದರೆ?

ಇದೆ! ಊಹಿಸಿದಿರಾ? ಸುಳಿವು ಕೊಡಲೇ? ಹೆಸರಿನಲ್ಲೇ ವಿಮಾನ ಇದೆ!

‘ಪುಷ್ಪಕ ವಿಮಾನ’! 1987!

ಎರಡು ತಾಸಿಗೂ ಮಿಕ್ಕಿದ ಕಥೆ. ಸಂಭಾಷಣೆ ಎಷ್ಟು? ಸೊನ್ನೆ! ಚಿತ್ರೀಕರಣ ಬೆಂಗಳೂರಿನಲ್ಲಿ. ನಿರ್ಮಾಣದಲ್ಲಿ ನಮ್ಮ ಶೃಂಗಾರ್ ನಾಗರಾಜ್. ಕೆಲಸವಿಲ್ಲದ ಯುವಕನಾಗಿ ಕಮಲಹಾಸನ್, ಜೊತೆಗೆ ಅಮಲಾ. ಮಾತಿಲ್ಲದ ಈ ಚಿತ್ರ ಒಂದೊಂದು ಭಾಷೆಯ ಊರಿಗೆ ಒಂದೊಂದು ಹೆಸರು ಹೊತ್ತು ಹೋಯಿತು. ಹಿಂದಿಯವರಿಗೆ ‘ಪುಷ್ಪಕ್’, ತಮಿಳರಿಗೆ ‘ಪೇಸುಂ ಪಡಂ’. ರಾಷ್ಟ್ರಪ್ರಶಸ್ತಿಯನ್ನೂ ಗೆದ್ದಿತು!

ಅದರ ಒಂದು ಪ್ರಸಂಗ ಹೇಳಲೇಬೇಕು. ನಾಯಕನ ಬಡ ಕೋಣೆ ಟಾಕೀಜಿನ ಮಗ್ಗುಲಲ್ಲಿ. ರಾತ್ರಿಯಿಡೀ ಸಿನಿಮಾದ ಗದ್ದಲ. ಅವನ ಅದೃಷ್ಟ ತಿರುಗಿ ಪಂಚತಾರಾ ಹೋಟೆಲಿನ ಮೆತ್ತನೆ ಹಾಸಿಗೆ ಸಿಗುತ್ತದೆ. ಎಲ್ಲೆಡೆ ನಿಶ್ಶಬ್ದ. ನಿದ್ದೆ ಬಂತೇ? ಬರಲಿಲ್ಲ! ಆತ ಮಾಡುವುದೇನು? ಹಳೆಯ ಕೋಣೆಗೆ ಹೋಗಿ ಆ ಗದ್ದಲವನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಬಂದು, ಅದನ್ನು ಹಾಕಿಕೊಂಡು ಹಾಯಾಗಿ ಮಲಗುತ್ತಾನೆ! ಇಂಜಿನ್ನಿನ ಸದ್ದಿನ ನಡುವೆ ಕೂತು ಆ ದೃಶ್ಯ ನೋಡುವ ಸುಖ ನೆಲದ ಮೇಲೆ ಎಲ್ಲಿದೆ!

ಒಂದು ಎಚ್ಚರ. 2017ರಲ್ಲಿ ಇದೇ ಹೆಸರಿನ ಇನ್ನೊಂದು ಕನ್ನಡ ಚಿತ್ರ ಬಂದಿದೆ. ರಮೇಶ್ ಅರವಿಂದ್ ಅವರ ನೂರನೆಯದು, ಅಪ್ಪ–ಮಗಳ ಕಥೆ. ಅದು ಕರವಸ್ತ್ರದ ಸಾಲಿಗೆ ಸೇರಿದ್ದು. ಹುಡುಕುವಾಗ ವರ್ಷ ನೋಡಿಕೊಳ್ಳಿ.

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ. ಇದನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆ.

1987ರ ‘ಪುಷ್ಪಕ ವಿಮಾನ’ದ ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ಅವರು ಡಾ. ರಾಜಕುಮಾರ್ ಅವರಿಗಾಗಿಯೂ ಕನ್ನಡ ಚಿತ್ರಗಳನ್ನು ಮಾಡಿದ್ದಾರೆ. 1982ರದ್ದು ಯಾವುದು ಗೊತ್ತೇ? ‘ಚಲಿಸುವ ಮೋಡಗಳು’! 1983ರದ್ದು? ‘ಎರಡು ನಕ್ಷತ್ರಗಳು’!

ಮೋಡ! ನಕ್ಷತ್ರ! ವಿಮಾನ! ಮೂರೂ ಒಬ್ಬರದೇ! ಕಿಟಕಿಯಾಚೆ ಕಾಣುವುದೆಲ್ಲ ಒಬ್ಬ ನಿರ್ದೇಶಕರ ಶೀರ್ಷಿಕೆಗಳಲ್ಲಿ ಸಾಲಾಗಿ ಕೂತಿದೆ! ಮೊದಲೆರಡರಲ್ಲಿ ರಾಜಣ್ಣನ ಜೊತೆ ಪುಟಾಣಿ ಪುನೀತ್ ಇದ್ದಾರೆ. ಹಗಲು ಮೋಡದ ಮೇಲೆ ಹಾರುವಾಗ ಮೊದಲನೆಯದು, ಕತ್ತಲಾದ ಮೇಲೆ ಎರಡನೆಯದು, ಮಾತು ಸಾಕೆನಿಸಿದಾಗ ಮೂರನೆಯದು. ಇದಕ್ಕಿಂತ ಚೆಂದದ ಕಾರ್ಯಕ್ರಮ ಯಾರು ಕೊಟ್ಟಾರು?

ಇಳಿಯುವ ಮುಂಚಿನ ಹೊತ್ತಿಗೆ ನನ್ನ ಆಯ್ಕೆ ಬೇರೆ. ಮೈ ದಣಿದಿರುತ್ತದೆ, ಊರು ನೆನಪಾಗುತ್ತದೆ. ಆಗ ‘ಸಂತ ಶಿಶುನಾಳ ಶರೀಫ’ ಹಾಕಿ. 1990ರದ್ದು, ನಾಗಾಭರಣ ಅವರದ್ದು. ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ, ಸಂಗೀತ ಸಿ. ಅಶ್ವತ್ಥ್. ಆ ಗೋವಿಂದಭಟ್ಟರ ಊರು ಕಳಸ ಎಲ್ಲಿದೆ? ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ! ಅಪರಿಚಿತ ಸಾಗರದ ಮೇಲೆ ಕಣ್ಣು ಮುಚ್ಚಿಕೊಂಡು ಅಶ್ವತ್ಥರ ಕಂಠ ಕೇಳಿ. ಈ ಒಂದು ಚಿತ್ರಕ್ಕೆ ಮಾತ್ರ ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು.

ತಂಗಿಯ ಮನೆಯಿಂದ ಮರಳುವಾಗ ಅವ್ವನ ಪರದೆಯ ಪಟ್ಟಿಯನ್ನು ನಾವು ಮುಟ್ಟಲಿಲ್ಲ. ಮೊಬೈಲಿನಲ್ಲಿ ‘ಪುಷ್ಪಕ ವಿಮಾನ’ ಮೊದಲೇ ಇಳಿಸಿಕೊಂಡಿದ್ದೆವು. ಊಟದ ಟ್ರೇ ಮೇಲೆ ನೀರಿನ ಲೋಟಕ್ಕೆ ಮೊಬೈಲ್ ಒರಗಿಸಿಟ್ಟೆ. ಹೆಡ್‌ಫೋನ್ ಚೀಲದಲ್ಲೇ ಉಳಿಯಿತು. ಅರ್ಧ ತಾಸಿಗೆ ಹಿಂದಿನ ಸೀಟಿನಿಂದ ಒಂದು ತಲೆ ಇಣುಕಿತು. ಅಪರಿಚಿತೆ, ನಮ್ಮ ಭಾಷೆಯವರಲ್ಲ. ಟೇಪ್ ರೆಕಾರ್ಡರಿನ ದೃಶ್ಯಕ್ಕೆ ಆಕೆಯೂ ನಕ್ಕರು, ಅವ್ವನೂ ನಕ್ಕರು!

ನೀವು ಹೋಗುವವರಿದ್ದೀರಾ? ಮಗಳ ಬಾಣಂತನಕ್ಕೆ, ಮಗನ ಮನೆಗೆ, ಓದಿಗೆ, ಕೆಲಸಕ್ಕೆ? ಹುಬ್ಬಳ್ಳಿ ಬಿಡುವ ಮುಂಚೆ ಮನೆಯ ವೈಫೈನಲ್ಲೇ ನಾಲ್ಕು ಕನ್ನಡ ಸಿನಿಮಾ ಮೊಬೈಲಿಗೆ ಇಳಿಸಿಕೊಳ್ಳಿ. ವಿಮಾನ ಇಳಿದ ಮೇಲೆ ಪ್ರಯಾಣ ಹೇಗಿತ್ತು ಎಂದು ಕೇಳಿ ಕಂಪನಿಯವರು ಒಂದು ಫಾರ್ಮ್ ಕಳಿಸುತ್ತಾರೆ. ಅದನ್ನು ಅಳಿಸಬೇಡಿ. ಸಲಹೆ ಎಂಬ ಜಾಗದಲ್ಲಿ ‘ಕನ್ನಡ ಸಿನಿಮಾ ಹೆಚ್ಚಿಗೆ ಬೇಕು’ ಎಂದು ಬರೆಯಿರಿ. ಬರೀ ‘ಹೆಚ್ಚಿಗೆ’ ಎಂದು ನಿಲ್ಲಿಸಬೇಡಿ. ‘ಪುಷ್ಪಕ ವಿಮಾನ, 1987’ ಎಂದು ಹೆಸರು ಹಾಕಿ ಕೇಳಿ!